ಆಟಿಸಂ: ಸಿಡಿಯದೆ ಸ್ತಬ್ಧರಾಗುವವರು

ಆಟಿಸಂ ಅಥವಾ ಸ್ವಲೀನತೆ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವ ಚಿತ್ರ ಒಂದೇ. ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಕಿವಿ ಮುಚ್ಚಿಕೊಂಡು ಕಿರುಚುವ, ನೆಲಕ್ಕೆ ಬಿದ್ದು ಹೊರಳಾಡುವ ಮಗು. ಇದನ್ನು ‘ಮೆಲ್ಟ್‌ಡೌನ್’ ಎನ್ನುತ್ತಾರೆ. ಅದು ಎಲ್ಲರಿಗೂ ಕಾಣುತ್ತದೆ, ಕೇಳುತ್ತದೆ. ಒಬ್ಬರಲ್ಲ ಒಬ್ಬರು ಓಡಿ ಬರುತ್ತಾರೆ. ಅದೇ ಸಂಕಟವು ಕೆಲವರಲ್ಲಿ ಹೊರಗೆ ಸಿಡಿಯದೆ ಒಳಮುಖವಾಗುತ್ತದೆ. ಮಾತು ನಿಲ್ಲುತ್ತದೆ, ಮುಖದಲ್ಲಿ ಭಾವ ಅಳಿಸಿಹೋಗುತ್ತದೆ, ಕೈಕಾಲು ಭಾರವಾಗಿ ಕುಳಿತಲ್ಲೇ ಕುಳಿತುಬಿಡುತ್ತಾರೆ. ಇದು ‘ಷಟ್‌ಡೌನ್’. ಗದ್ದಲವಿಲ್ಲದ ಕಾರಣ ಇದನ್ನು ಯಾರೂ ಸಂಕಟವೆಂದು ತಿಳಿಯುವುದಿಲ್ಲ. ಹಟ ಎನ್ನುತ್ತಾರೆ, ಸೊಕ್ಕು ಎನ್ನುತ್ತಾರೆ, ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ.

ನಾನೂ ತಿಳಿಯಲಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ನನ್ನ ಚಿಕಿತ್ಸಾಲಯಕ್ಕೆ ಇಪ್ಪತ್ತು ವರ್ಷದ ಹುಡುಗನೊಬ್ಬನನ್ನು ಕೈ ಹಿಡಿದು ಕರೆತಂದರು. ವಿದ್ಯುತ್ ವಿಭಾಗದಲ್ಲಿ ಡಿಪ್ಲೊಮಾ ಓದುತ್ತಿದ್ದವನು, ಅಂಕಗಳಲ್ಲಿ ಮುಂದು. ಅಂದು ಮನೆಯಲ್ಲಿ ಅಕ್ಕನ ನಿಶ್ಚಯ ಕಾರ್ಯ. ಶಾಮಿಯಾನ, ಧ್ವನಿವರ್ಧಕ, ಜನರೇಟರಿನ ಸದ್ದು, ಒಲೆಯ ಹೊಗೆ, ಅರವತ್ತು ಎಪ್ಪತ್ತು ಜನ ನೆಂಟರು. “ಡಾಕ್ಟರ್ರ, ಮಧ್ಯಾಹ್ನದಿಂದ ಬಾಯಿ ಬಿಟ್ಟಿಲ್ಲರಿ. ಜ್ವಾಳದ ಚೀಲದ ಹಿಂದ ಕುಂತಿದ್ದ. ಅವರ ಕಾಕಾ ಎರಡು ಏಟು ಹಾಕಿದ್ರೂ ಅಳಲಿಲ್ಲರಿ” ಎಂದು ತಾಯಿ ಕಣ್ಣೀರಿಟ್ಟರು.

ನಾನು ಕಣ್ಣಿಗೆ ಟಾರ್ಚ್ ಹಾಕಿದೆ. ಭುಜ ಹಿಡಿದು ಅಲುಗಾಡಿಸಿದೆ. ಕಿವಿಯ ಬಳಿ ಬಾಗಿ ಹೆಸರೇನೆಂದು ಐದಾರು ಸಲ ಗಟ್ಟಿಯಾಗಿ ಕೇಳಿದೆ. ಅವನು ಮತ್ತಷ್ಟು ಮುದುಡಿದನು. ನಾಡಿ, ರಕ್ತದೊತ್ತಡಗಳಲ್ಲಿ ದೋಷ ಕಾಣಲಿಲ್ಲ. ಸಾರಸ್ವತಾರಿಷ್ಟ ಬರೆದುಕೊಟ್ಟು, “ಭಾಳ ಮುದ್ದು ಮಾಡಿ ಬೆಳಸೀರವ್ವಾ” ಎಂದು ತಾಯಿಗೆ ಬುದ್ಧಿ ಹೇಳಿ ಕಳುಹಿಸಿದೆನು. ಔಷಧಿಯಿಂದ ಹಾನಿಯಾಗಲಿಲ್ಲ. ಆ ಮಾತಿನಿಂದ ಆಯಿತು.

ಎರಡು ವರ್ಷಗಳ ತರುವಾಯ ಧಾರವಾಡದ ಮನೋವೈದ್ಯರೊಬ್ಬರು ಅವನನ್ನು ಹಲವು ಸಲ ಕೂರಿಸಿಕೊಂಡು, ತಾಯಿಯಿಂದ ಬಾಲ್ಯದ ವಿವರಗಳನ್ನೆಲ್ಲ ಕೇಳಿ, ಆಟಿಸಂ ಎಂದು ನಿರ್ಣಯಿಸಿದರು. ಅಷ್ಟು ತಡವೇಕೆಂದು ಓದುಗರು ಕೇಳಬಹುದು. ಚೆನ್ನಾಗಿ ಮಾತನಾಡುವ, ಚೆನ್ನಾಗಿ ಓದುವ ಮಕ್ಕಳಲ್ಲಿ ಆಟಿಸಂ ಇರಲಾರದೆಂದು ನಾವು ನಂಬಿರುವುದೇ ಕಾರಣ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಅವರು ಹನ್ನೊಂದು ಮಕ್ಕಳ ವಿವರಗಳೊಡನೆ ಈ ಸ್ಥಿತಿಯನ್ನು ಬಣ್ಣಿಸಿದರು. ಆದರೆ ಬೆಳಕು, ಸದ್ದು, ಸ್ಪರ್ಶಗಳು ಇವರನ್ನು ಬೇರೆ ರೀತಿಯಲ್ಲಿ ತಾಕುತ್ತವೆ ಎಂಬುದು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ನಿರ್ಣಯದ ಲಕ್ಷಣವಾಗಿ ಸೇರಿದ್ದು 2013ರಲ್ಲಿ. ಹುಡುಗಿಯರಲ್ಲಂತೂ ಇದು ಇನ್ನಷ್ಟು ಮರೆಯಾಗುತ್ತದೆ. ಮೂಲೆಯಲ್ಲಿ ಸುಮ್ಮನೆ ಕುಳಿತ ಹುಡುಗಿಯನ್ನು ನಾವು ‘ಬಲು ಸಂಭಾವಿತೆ’ ಎಂದು ಹೊಗಳುತ್ತೇವೆಯಲ್ಲವೆ?

ಆ ಯುವಕನು ನನ್ನ ಕೋರಿಕೆಯ ಮೇರೆಗೆ ತನ್ನ ಅನುಭವವನ್ನು ಎರಡು ಹಾಳೆಗಳಲ್ಲಿ ಬರೆದುಕೊಟ್ಟಿದ್ದಾನೆ. ಅವನ ಒಪ್ಪಿಗೆ ಪಡೆದು ಸಾರಾಂಶ ಹೇಳುತ್ತೇನೆ. ಮೊದಲು ಸದ್ದುಗಳು ಒಂದರಿಂದೊಂದು ಬೇರೆಯಾಗಿ ಕೇಳುವುದು ನಿಲ್ಲುತ್ತದೆ. ಫ್ಯಾನಿನ ಸದ್ದೂ ತಾಯಿಯ ದನಿಯೂ ಒಂದೇ ತೂಕದವಾಗುತ್ತವೆ. ಮಾತು ಕಿವಿಗೆ ಬೀಳುತ್ತದೆ, ಅರ್ಥ ಬಹಳ ತಡವಾಗಿ ಬರುತ್ತದೆ. ಉತ್ತರ ಒಳಗೆ ಸಿದ್ಧವಿದ್ದರೂ ನಾಲಿಗೆಯವರೆಗೆ ಬರುವುದಿಲ್ಲ. ಎದ್ದು ಹೋಗಬೇಕೆಂದರೆ ಕಾಲು ಏಳುವುದಿಲ್ಲ. ಮತ್ತೆ ಮತ್ತೆ ಕೇಳಿದಷ್ಟೂ ಆಳಕ್ಕೆ ಇಳಿಯುತ್ತಾನೆ. ತನ್ನ ವಿದ್ಯೆಗೆ ತಕ್ಕ ಹೋಲಿಕೆಯನ್ನೂ ಕೊಟ್ಟಿದ್ದಾನೆ: ಮನೆಯ ಎಲ್ಲ ಯಂತ್ರಗಳನ್ನು ಒಟ್ಟಿಗೆ ಹಚ್ಚಿದರೆ ಎಂಸಿಬಿ ಬೀಳುತ್ತದೆ, ಅದು ಕೆಟ್ಟದ್ದಕ್ಕೆ ಬಿದ್ದದ್ದಲ್ಲ, ತಂತಿ ಸುಡಬಾರದೆಂದು ಬಿದ್ದದ್ದು, ಲೋಡ್ ಇಳಿಸದೆ ಅದನ್ನೇ ಎತ್ತುತ್ತ ಹೋದರೆ ಮತ್ತೆ ಬೀಳುತ್ತದೆ. ನಾಲ್ಕು ದಶಕ ವೈದ್ಯನಾಗಿರುವ ನಾನು ಇದಕ್ಕಿಂತ ಚೆನ್ನಾಗಿ ವಿವರಿಸಲಾರೆ.

ಇನ್ನೊಂದು ಸಾಲಿನಲ್ಲಿ, ಎಳೆಯನಿದ್ದಾಗ ತಾನೂ ಕಿರುಚುತ್ತಿದ್ದೆನೆಂದೂ, ಪ್ರತಿ ಸಲ ಪೆಟ್ಟು ಬಿದ್ದುದರಿಂದ ಕಿರುಚುವುದು ನಿಂತಿತೆಂದೂ ಬರೆದಿದ್ದಾನೆ. ‘ದೊಡ್ಡವನಾದ ಮೇಲೆ ಸುಧಾರಿಸಿದ’ ಎಂದು ಮನೆಯವರು ಸಂತೋಷಪಟ್ಟಿದ್ದರು. ಸಂಕಟ ಹೋಗಿರಲಿಲ್ಲ, ಸದ್ದು ಹೋಗಿತ್ತು.

ಚರಕ ಸಂಹಿತೆಯು ರೋಗಕಾರಣಗಳಲ್ಲಿ ಇಂದ್ರಿಯ ಮತ್ತು ವಿಷಯಗಳ ಅತಿಯೋಗವನ್ನು ಎಣಿಸುತ್ತದೆ. ಗುಡುಗು, ನಗಾರಿ ಮೊದಲಾದ ಸದ್ದುಗಳನ್ನು ಮಿತಿಮೀರಿ ಕೇಳುವುದು ಕಿವಿಗೆ ಅತಿಯೋಗವೆನ್ನುತ್ತದೆ. ಹಾಗೆಂದು ಆಚಾರ್ಯರು ಆಟಿಸಂ ಅನ್ನು ಅಂದೇ ಬಣ್ಣಿಸಿದ್ದರೆಂದು ನಾನು ಹೇಳಲಾರೆ. ನಮ್ಮ ವೃತ್ತಿಬಾಂಧವರಲ್ಲಿ ಕೆಲವರಿಗೆ ಆ ಚಪಲವಿದೆ. ಒಬ್ಬನಿಗೆ ಮಿತವಾದುದು ಇನ್ನೊಬ್ಬನಿಗೆ ಅತಿಯಾಗಬಹುದು ಎಂಬ ಅರಿವಿಗೆ ಮಾತ್ರ ಆ ಮಾತು ನನಗೆ ಇಂದು ದಾರಿ ತೋರಿಸುತ್ತದೆ.

ಮಾತು ನಿಂತಿತೆಂದೊಡನೆ ಎಲ್ಲವೂ ಷಟ್‌ಡೌನ್ ಅಲ್ಲ. ಈ ಭೇದ ತಿಳಿದಿರಲೇಬೇಕು. ಕೆಲವೇ ಸೆಕೆಂಡು ದಿಟ್ಟಿ ನೆಟ್ಟು, ರೆಪ್ಪೆ ಅದುರಿ, ಏನೂ ಆಗದಂತೆ ಮತ್ತೆ ಕೆಲಸಕ್ಕೆ ತೊಡಗಿದರೆ ಅದು ಅಪಸ್ಮಾರದ ಒಂದು ಬಗೆಯಾಗಿರಬಹುದು. ಆಟಿಸಂ ಉಳ್ಳವರಲ್ಲಿ ಅಪಸ್ಮಾರ ಇತರರಿಗಿಂತ ಹೆಚ್ಚು. ದಿನಗಟ್ಟಲೆ ಚಲನೆ ನಿಧಾನವಾಗುತ್ತ, ಹೊಸ್ತಿಲಲ್ಲಿ ಹೆಜ್ಜೆ ತಡೆದು ನಿಲ್ಲುತ್ತ, ಅನ್ನನೀರು ಬಿಟ್ಟರೆ ‘ಕೆಟಟೋನಿಯಾ’ ಎಂಬ ಗಂಭೀರ ಸ್ಥಿತಿಯನ್ನು ಶಂಕಿಸಬೇಕು. ಇದಕ್ಕೆ ಮನೋವೈದ್ಯರಲ್ಲಿ ಚಿಕಿತ್ಸೆಯಿದೆ, ತಡ ಮಾಡಬಾರದು. ಬಾಯಿ ಸೊಟ್ಟಗಾಗಿ, ಒಂದು ಪಕ್ಕದ ಕೈ ಸೋತು ಮಾತು ನಿಂತರೆ ಅದು ಪಾರ್ಶ್ವವಾಯು. ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಷಟ್‌ಡೌನ್‌ಗೆ ಸಾಮಾನ್ಯವಾಗಿ ಹಿಂದೊಂದು ಹೊರೆ ಇರುತ್ತದೆ: ಗದ್ದಲ, ನಿದ್ರಾಹೀನತೆ, ಏಕಾಏಕಿ ಬದಲಾದ ಕಾರ್ಯಕ್ರಮ, ದಿನವಿಡೀ ಎಲ್ಲರಂತೆ ಇರಲು ಪಟ್ಟ ಶ್ರಮ. ವಿಶ್ರಾಂತಿ ಸಿಕ್ಕರೆ ಕೆಲವು ನಿಮಿಷಗಳಲ್ಲೋ ಗಂಟೆಗಳಲ್ಲೋ ತಿಳಿಯಾಗುತ್ತದೆ. ದಣಿವು ಮಾತ್ರ ಮರುದಿನವೂ ಉಳಿಯಬಹುದು.

ಆಗ ಮನೆಯವರು ಮಾಡಬೇಕಾದುದು ಬಹಳವೇನಿಲ್ಲ. ಪ್ರಶ್ನೆ ನಿಲ್ಲಿಸಬೇಕು. ದೀಪ ತಗ್ಗಿಸಬೇಕು, ಟಿ.ವಿ. ಆರಿಸಬೇಕು, ನೆರೆದವರನ್ನು ಹೊರಗೆ ಕಳುಹಿಸಬೇಕು. ಕೇಳದೆ ಮುಟ್ಟಬಾರದು. ನೀರು ಹತ್ತಿರವಿಟ್ಟು, ಒಬ್ಬರು ಸ್ವಲ್ಪ ದೂರದಲ್ಲಿ ಸುಮ್ಮನೆ ಕುಳಿತಿದ್ದರೆ ಸಾಕು. ಹೌದು ಅಥವಾ ಅಲ್ಲ ಎಂಬುದಕ್ಕೆ ಬೆರಳಿನ ಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಉಪಯುಕ್ತ.

ಔಷಧಿಯ ವಿಷಯವಾಗಿ ಎರಡು ಮಾತು. ಆಟಿಸಂ ಅನ್ನು ಹೋಗಲಾಡಿಸುವ ಔಷಧಿ ಅಲೋಪಥಿಯಲ್ಲೂ ಇಲ್ಲ, ಆಯುರ್ವೇದದಲ್ಲೂ ಇಲ್ಲ. ಇದೆಯೆಂದು ಯಾರಾದರೂ ಭಸ್ಮ, ರಸೌಷಧಿಗಳನ್ನು ತಿಂಗಳುಗಟ್ಟಲೆ ಕೊಟ್ಟರೆ ತೆಗೆದುಕೊಳ್ಳಬೇಡಿರಿ. ಸೀಸ, ಪಾದರಸಗಳು ಎಳೆಯ ಮಿದುಳಿಗೆ ವಿಷ. ಅಭ್ಯಂಗವು ಕೆಲವರಿಗೆ ಹಿತ, ಸ್ಪರ್ಶ ಸಹಿಸದವರಿಗೆ ಹಿಂಸೆ. ಹೊತ್ತಿಗೆ ಸರಿಯಾದ ಊಟ, ನಿದ್ರೆ, ದಿನಚರ್ಯೆಗಳು ಹೊರೆಯನ್ನು ಇಳಿಸುತ್ತವೆ. ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್‌ಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಕೂಡ ಒಂದು.

ಆ ಯುವಕನಿಗೆ ಈಗ ಕೆಲಸ ಸಿಕ್ಕಿದೆ. ಊರಿಗೆ ಬಂದಾಗ ರೋಗಿಗಳಿಲ್ಲದ ಹೊತ್ತು ನೋಡಿ ನನ್ನಲ್ಲಿಗೆ ಬರುತ್ತಾನೆ. ಅವನ ಹಾಳೆಯ ಕೊನೆಯಲ್ಲಿ, ನನ್ನ ಕೊಠಡಿಯ ಟ್ಯೂಬ್‌ಲೈಟಿನ ಚೋಕ್ ಗುಂಯ್‌ಗುಡುತ್ತದೆಂದೂ ಅಂದು ಟಾರ್ಚಿಗಿಂತ ಅದೇ ಹೆಚ್ಚು ನೋಯಿಸಿತೆಂದೂ ಇತ್ತು. ಇಪ್ಪತ್ತು ವರ್ಷ ಅದೇ ದೀಪದ ಕೆಳಗೆ ಕುಳಿತಿದ್ದ ನನಗೆ ಆ ಸದ್ದು ಎಂದೂ ಕೇಳಿಸಿರಲಿಲ್ಲ. ಕಳೆದ ಸಲ ಬಂದಾಗ ಅವನೇ ಏಣಿ ಹತ್ತಿ ಅದನ್ನು ಬಿಚ್ಚಿ ಬೇರೆ ದೀಪ ಹಾಕಿಕೊಟ್ಟನು.