ಬರದ ಸೀಮೆಯಲ್ಲೊಂದು ಕಡಲು

ಬಳ್ಳಾರಿಯಿಂದ ಚಳ್ಳಕೆರೆಯತ್ತ ಸಾಗುವ ಬಸ್ಸು ಬಿ.ಜಿ. ಕೆರೆಯಲ್ಲಿ ನಿಂತಾಗ ಕಿಟಕಿಯಾಚೆ ಕಣ್ಣು ಹಾಯಿಸಿದವರಿಗೆ ಕಡಲಿನ ನೆನಪು ಬರುವುದು ಅಸಂಭವ. ಕಡಲೆಕಾಯಿಯ ಹೊಲ, ಜಾಲಿಯ ಪೊದೆ, ಬಿಸಿಲಿಗೆ ಬಿರಿದ ಬಂಡೆ. ನಾಡಿನಲ್ಲಿಯೇ ಅತಿ ಕಡಿಮೆ ಮಳೆ ಕಾಣುವ ಪ್ರದೇಶಗಳಲ್ಲಿ ಇದೂ ಒಂದು. ಆದರೆ ಊರಿನ ವಾಯವ್ಯಕ್ಕೆ ಸಂಡೂರಿನ ಬೆಟ್ಟಗಳಿವೆ. ನೈರುತ್ಯಕ್ಕೆ ಚಿತ್ರದುರ್ಗದ ಬೆಟ್ಟಸಾಲು. ಆ ಎರಡೂ ಸಾಲುಗಳ ಕಲ್ಲುಗಳಲ್ಲಿ ಬಹುಪಾಲು ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದವು. (ಒಬವ್ವನ ಕೋಟೆಯ ಹೆಬ್ಬಂಡೆಗಳಿಗೆ ಈ ಗೌರವವಿಲ್ಲ, ಅವು ಗ್ರಾನೈಟ್.)

ಸಾಕ್ಷಿ ಬೇಕೆನ್ನುವವರು ಚಿತ್ರದುರ್ಗಕ್ಕೆ ಸಮೀಪದ ಮರಡಿಹಳ್ಳಿಗೆ ಹೋಗಬಹುದು. ದಿಂಬಿನ ಮೇಲೆ ದಿಂಬನ್ನು ಒಟ್ಟಿದಂತಹ ಬಂಡೆಗಳು ಅಲ್ಲಿವೆ. ಕುದಿಯುವ ಶಿಲಾರಸ ನೀರಿನೊಳಗೆ ಉಕ್ಕಿ, ಅದರ ಮೈ ಥಟ್ಟನೆ ತಣಿದಾಗ ಮೂಡುವ ಆಕಾರವದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಈ ಒಣಗಿದ ಕಡಲಿನ ತಳವನ್ನು ಶೋಧಿಸಿದವರಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಸಯ್ಯದ್ ಮಹಮೂದ್ ನಖ್ವಿಯವರ ಹೆಸರು ಮುಖ್ಯವಾದುದು. ಹಡಗಿಲ್ಲ, ಮುಳುಗುವ ಯಂತ್ರವಿಲ್ಲ. ಸುತ್ತಿಗೆ, ಚೀಲ, ಪ್ರಯೋಗಶಾಲೆ ಅವರ ಸಾಧನಗಳು. ಕಲ್ಲನ್ನು ಪುಡಿಮಾಡಿ ಅದರಲ್ಲಿರುವ ಕಬ್ಬಿಣವೆಷ್ಟು, ಮರಳಿನ ಸತ್ವವಾದ ಸಿಲಿಕ ಎಷ್ಟು, ಕೋಟಿಯಲ್ಲಿ ಕೆಲವೇ ಪಾಲಿನಷ್ಟಿರುವ ವಿರಳ ಧಾತುಗಳೆಷ್ಟು ಎಂದು ಅಳೆಯುವುದು ಅವರ ಮಾರ್ಗ. ಇಂತಹ ಕಲ್ಲಿನಲ್ಲಿ ಯೂರೋಪಿಯಂ ಎಂಬ ಧಾತುವಿನ ಪಾಲು ಮಿಕ್ಕವಕ್ಕಿಂತ ಏರಿದ್ದರೆ, ಕಬ್ಬಿಣ ಬಂದದ್ದು ಕಡಲ ತಳದ ಬಿಸಿನೀರಿನ ಊಟೆಗಳಿಂದ ಎಂದು ಊಹಿಸಬಹುದು. ಚಿತ್ರದುರ್ಗದ ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲುಗಳನ್ನು ಕುರಿತು ಅವರೂ ಟಿ. ಜಿ. ರಾವ್ ಅವರೂ 1995ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು.

ಕಲ್ಲಿನ ರಸಾಯನದ ಹಿಂದೆಯೇ ಜೀವದ ಪ್ರಶ್ನೆ ಬಂತು. ನಖ್ವಿ ಮತ್ತು ಸಂಗಡಿಗರು ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ಬಿ. ಎಸ್. ವೆಂಕಟಾಚಲ, ಎಂ. ಶುಕ್ಲ ಮೊದಲಾದವರೊಡನೆ ಸೇರಿ ಸಂಡೂರಿನ ಕಲ್ಲುಗಳಲ್ಲಿ ಸೂಕ್ಷ್ಮಜೀವಿಗಳ ಕುರುಹು ಕಂಡಿದೆಯೆಂದು 1987ರಲ್ಲಿ ವರದಿ ಮಾಡಿದರು. ಎರಡು ವರ್ಷಗಳ ನಂತರ, 1989ರಲ್ಲಿ, ಆರ್. ಶ್ರೀನಿವಾಸನ್ ಮತ್ತು ಇದೇ ಬಳಗದವರು ಚಿತ್ರದುರ್ಗ ಶಿಲಾಪಟ್ಟಿಯ ಸ್ಟ್ರೊಮ್ಯಾಟೊಲೈಟ್‌ಗಳನ್ನು ವರ್ಣಿಸಿದರು. ಹೆಸರು ಗಡುಸು, ವಸ್ತು ಸರಳ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಲೋಳೆಯ ಚಾಪೆಯಂತೆ ಹರಡುತ್ತವೆ. ಮೇಲೆ ಬಿದ್ದ ಕೆಸರು ಅದಕ್ಕೆ ಅಂಟುತ್ತದೆ. ಬೆಳಕಿಗಾಗಿ ಜೀವಿಗಳು ಮತ್ತೆ ಮೇಲಕ್ಕೆ ಬರುತ್ತವೆ. ಪದರದ ಮೇಲೆ ಪದರ ಏರಿ ಗುಮ್ಮಟವಾಗುತ್ತದೆ. ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಇಂಥವು ಇಂದಿಗೂ ಬೆಳೆಯುತ್ತಿವೆ. ಚಿತ್ರದುರ್ಗದವುಗಳ ವಯಸ್ಸು 260 ಕೋಟಿ ವರ್ಷಗಳಿಗೂ ಹೆಚ್ಚು. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ.

ಆ ಕಾಲದ ಕಡಲ ತಳವನ್ನು ಊಹಿಸಿಕೊಳ್ಳಲು ಕಾರವಾರದ ಖಾರಿಯ ಕಪ್ಪು ಕೆಸರು ನೆರವಾಗುತ್ತದೆ. ಅದನ್ನು ಕೆದಕಿದರೆ ಕೊಳೆತ ಮೊಟ್ಟೆಯ ನಾತ ಬರುವುದೇಕೆ? ಒಂದೆರಡು ಬೆರಳಿನ ಆಳಕ್ಕೆ ಇಳಿಯುವಷ್ಟರಲ್ಲಿ ಆಮ್ಲಜನಕ ಮುಗಿದಿರುತ್ತದೆ. ಅಲ್ಲಿಯ ಸೂಕ್ಷ್ಮಜೀವಿಗಳು ಸಮುದ್ರದ ನೀರಿನ ಸಲ್ಫೇಟನ್ನೇ ಉಸಿರಾಡಿ ಗಂಧಕದ ಅನಿಲವನ್ನು ಬಿಡುತ್ತವೆ. ಆ ಅನಿಲ ಕಬ್ಬಿಣವನ್ನು ಕೂಡಿದಾಗ ಕೆಸರು ಕಪ್ಪಾಗುತ್ತದೆ. ನಾವು ಮೂಗು ಮುಚ್ಚಿಕೊಂಡು ದಾಟುವ ಈ ನಾತ ಪೃಥ್ವಿಯ ಅತಿ ಪುರಾತನ ಅಡುಗೆಮನೆಯೊಂದರದು.

ಹಾಗೆಂದು ಗುಮ್ಮಟದ ಆಕಾರ ಕಂಡಲ್ಲೆಲ್ಲ ಜೀವವಿತ್ತೆಂದು ಹೇಳಲಾಗದು. ಗ್ರೀನ್‌ಲೆಂಡಿನ 370 ಕೋಟಿ ವರ್ಷದ ಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಸಿಕ್ಕಿತೆಂದು 2016ರಲ್ಲಿ ಸುದ್ದಿಯಾಯಿತು. ಭೂಮಿಯ ಒತ್ತಡಕ್ಕೆ ಕಲ್ಲು ಮಡಿಚಿಕೊಂಡು ಆ ರೂಪ ತಾಳಿದೆಯೆಂದು 2018ರಲ್ಲಿ ಬೇರೊಂದು ತಂಡ ವಾದಿಸಿತು. ನಮ್ಮ ಕಲ್ಲುಗಳೂ ಕಾದು, ಹಿಂಡಿ, ಮಡಿಚಿ ಬಂದವೇ. ಆದ್ದರಿಂದಲೇ ರೂಪದ ಜೊತೆಗೆ ರಸಾಯನದ ಸಾಕ್ಷಿಯೂ ಬೇಕು. ಜೀವಿಗಳು ಹಗುರವಾದ ಇಂಗಾಲವನ್ನೇ ಹೆಚ್ಚು ಆಯ್ದುಕೊಳ್ಳುವುದರಿಂದ ಅದರ ಪ್ರಮಾಣವನ್ನೂ ಅಳೆಯುತ್ತಾರೆ.

ಇನ್ನೂ ಬಿಡಿಸದ ಒಗಟೊಂದು ಉಳಿದಿದೆ. ಕಡಲಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿದು ಪಟ್ಟೆಕಲ್ಲಾಯಿತು, ಸರಿ. ತುಕ್ಕು ಹಿಡಿಸಿದವರಾರು? ಬೆಳಕನ್ನುಂಡು ಆಮ್ಲಜನಕ ಬಿಡುವ ಜೀವಿಗಳೆಂದು ಬಹುಕಾಲ ನಂಬಿದ್ದರು. ಆದರೆ 1993ರಲ್ಲಿ ಜರ್ಮನಿಯ ಫ್ರೆಡ್ರಿಕ್ ವಿಡ್ಡೆಲ್ ಮತ್ತು ಸಂಗಡಿಗರು, ಆಮ್ಲಜನಕದ ಹಂಗಿಲ್ಲದೆ ಬೆಳಕಿನ ಬಲದಿಂದಲೇ ಕಬ್ಬಿಣಕ್ಕೆ ತುಕ್ಕು ಹಿಡಿಸುವ ಬ್ಯಾಕ್ಟೀರಿಯಗಳನ್ನು ಕೆಸರಿನಿಂದ ಬೇರ್ಪಡಿಸಿ ತೋರಿಸಿದರು. ಕೆಲಸ ಮಾಡಿದ್ದು ಇವರೋ, ಅವರೋ, ಇಬ್ಬರೂ ಕೂಡಿಯೋ ಎಂಬ ವಾದ ಮುಗಿದಿಲ್ಲ. ಸಂಡೂರಿನ ಅದಿರು ಮಾತ್ರ ಲಾರಿಗಳಲ್ಲಿಯೂ ರೈಲಿನ ವ್ಯಾಗನ್ನುಗಳಲ್ಲಿಯೂ ತುಂಬಿ ಹೋಗುತ್ತಲೇ ಇದೆ.