ಪೀಣ್ಯದ ಬಿಸಿಲಿಗೆ ಎರಡು ಕಣ್ಣಿನ ಕ್ಯಾಮೆರಾ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ನಡುಹಗಲು ಫೋಟೊ ತೆಗೆಯುವುದು ತಲೆನೋವಿನ ಕೆಲಸ. ಹೊರಗೆ ತಗಡಿನ ಚಾವಣಿ ಕಣ್ಣು ಕುಕ್ಕುತ್ತಿರುತ್ತದೆ. ಅರ್ಧ ಎತ್ತಿದ ಬಾಗಿಲಿನ ಒಳಗೆ ಲೇತ್ ಮುಂದೆ ನಿಂತವರ ಮುಖ ಕತ್ತಲಲ್ಲಿರುತ್ತದೆ. ಎರಡರ ನಡುವೆ ಬೆಳಕಿನ ಅಂತರ ನೂರಾರು ಪಟ್ಟು. ಮೊಬೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಚಿತ್ರ ತೆಗೆದು, ಲೆಕ್ಕ ಹಾಕಿ, ಒಂದಕ್ಕೊಂದು ಬೆಸೆದು ಈ ಅಂತರವನ್ನು ನಿಭಾಯಿಸುತ್ತದೆ. 1970ರಲ್ಲಿ ಮಾರುಕಟ್ಟೆಗೆ ಬಂದ ಯಾಶಿಕಾ ಮ್ಯಾಟ್ 124ಜಿ ಕ್ಯಾಮೆರಾಕ್ಕೆ ಲೆಕ್ಕ ಬರುವುದಿಲ್ಲ. ಲೈಟ್ ಮೀಟರಿಗೊಂದು ಗುಂಡಿಯಂಥ ಬ್ಯಾಟರಿ ಇದೆ, ಅಷ್ಟೆ. ಅದಕ್ಕೆ ಬೇಕಾದ ಪಾದರಸದ ಸೆಲ್ ಈಗ ತಯಾರಾಗುವುದಿಲ್ಲ, ಆದ್ದರಿಂದ ಮೀಟರನ್ನು ನಂಬುವ ಹಾಗೂ ಇಲ್ಲ. ಆದರೂ ಈ ಪೆಟ್ಟಿಗೆ ಅದೇ ಶೆಡ್ಡಿನ ಒಳಗನ್ನೂ ಹೊರಗನ್ನೂ ಒಂದೇ ಕ್ಲಿಕ್ಕಿನಲ್ಲಿ ಹಿಡಿದುಕೊಡುತ್ತದೆ. ಚಿತ್ರ ನೋಡಿದವರು ‘ಹಳೇ ಕಾಲದ ಕಳೆ’ ಎನ್ನುತ್ತಾರೆ. ಕಾಲಕ್ಕೂ ಈ ಕಳೆಗೂ ಸಂಬಂಧ ಕಡಿಮೆ. ಫಿಲ್ಮಿನ ಅಗಲ, ಸ್ಪ್ರಿಂಗು, ಬೆಳ್ಳಿ ಇವುಗಳಿಂದ ಬಂದದ್ದು ಅದು.

ಪೆಟ್ಟಿಗೆಯ ಮುಖದಲ್ಲಿ ಒಂದರ ಮೇಲೊಂದು ಎರಡು ಲೆನ್ಸ್. ಮೇಲಿನದು ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಎರಡೂ ಒಂದೇ ಫಲಕಕ್ಕೆ ಕೂತಿರುವುದರಿಂದ ಮೇಲಿನದರಲ್ಲಿ ಫೋಕಸ್ ಸರಿಯಾದರೆ ಕೆಳಗಿನದರಲ್ಲೂ ಸರಿಯಾದಂತೆಯೇ. ಮೇಲಿನ ಲೆನ್ಸಿನ ಹಿಂದೆ ಓರೆಯಾಗಿ ಕೂರಿಸಿದ ಕನ್ನಡಿ ನೋಟವನ್ನು ಮಸುಕು ಗಾಜಿನ ಮೇಲೆ ಚೆಲ್ಲುತ್ತದೆ. ಎದೆಯ ಮಟ್ಟದಲ್ಲಿ ಹಿಡಿದು, ತಲೆ ಬಗ್ಗಿಸಿ ಅದನ್ನು ನೋಡಬೇಕು. ನೋಟ ನೆಟ್ಟಗೆ ಕಂಡರೂ ಎಡಬಲ ಅದಲುಬದಲು. ಬಲಕ್ಕೆ ಹೋಗುವ ಟೆಂಪೊ ಗಾಜಿನಲ್ಲಿ ಎಡಕ್ಕೆ ಓಡುತ್ತದೆ, ಹೊಸಬರು ಕ್ಯಾಮೆರಾವನ್ನು ತಪ್ಪು ದಿಕ್ಕಿಗೆ ತಿರುಗಿಸಿ ಟೆಂಪೊವನ್ನೇ ಕಳೆದುಕೊಳ್ಳುತ್ತಾರೆ. ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ 1929ರಲ್ಲಿ ರೋಲಿಫ್ಲೆಕ್ಸ್ ಈ ವಿನ್ಯಾಸವನ್ನು ಜನಪ್ರಿಯಗೊಳಿಸಿತು, ಜಪಾನಿನ ಯಾಶಿಕಾ ಅದನ್ನು ಅಗ್ಗ ಮಾಡಿತು. ನಮ್ಮ ಊರುಗಳ ಸ್ಟುಡಿಯೊದವರು ಮದುವೆ ಮಂಟಪಕ್ಕೆ ಕೊರಳಲ್ಲಿ ಹಾಕಿಕೊಂಡು ಬರುತ್ತಿದ್ದುದು ಬಹುಮಟ್ಟಿಗೆ ಈ ಜಾತಿಯದೇ. ತೀರ ಹತ್ತಿರದಿಂದ ತೆಗೆದ ಹಳೆಯ ಫೋಟೊಗಳಲ್ಲಿ ಕೆಲವೊಮ್ಮೆ ಪೇಟದ ತುದಿ ಹಾರಿಹೋಗಿರುತ್ತದೆ. ತೆಗೆಯುವ ಕಣ್ಣು ನೋಡುವ ಕಣ್ಣಿಗಿಂತ ಕೆಳಗಿರುವುದರ ಫಲ ಅದು.

ಎರಡು ಕಣ್ಣಿಟ್ಟದ್ದಕ್ಕೆ ಲಾಭವೂ ಉಂಟು. ಒಂದೇ ಲೆನ್ಸಿನ ಎಸ್‌ಎಲ್‌ಆರ್‌ನಲ್ಲಿ ಕ್ಲಿಕ್ ಮಾಡಿದಾಗ ಕನ್ನಡಿ ಪಟ್ಟನೆ ಮೇಲೇಳಬೇಕು, ಆಗ ಕ್ಯಾಮೆರಾ ಸಣ್ಣಗೆ ಅದುರುತ್ತದೆ. ಇಲ್ಲಿ ಕನ್ನಡಿ ಅಲ್ಲಾಡುವುದೇ ಇಲ್ಲ. ಕೊರಳ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದರೆ ಶೆಡ್ಡಿನ ಮಬ್ಬಿನಲ್ಲಿ ಸೆಕೆಂಡಿನ 1/30ರ ವೇಗದಲ್ಲೂ ಚಿತ್ರ ಚೂಪಾಗಿಯೇ ಬರುತ್ತದೆ.

ಇನ್ನು ಶಟರ್. ಇದು ಕೆಳಗಿನ ಲೆನ್ಸಿನ ಗಾಜುಗಳ ನಡುವೆ ಕೂತ ತೆಳು ಉಕ್ಕಿನ ಎಸಳುಗಳ ಗುಂಪು. ಹ್ಯಾಂಡಲ್ ಮುಂದಕ್ಕೆ ತಿರುಗಿಸಿ ಹಿಂದಕ್ಕೆ ತರುವಷ್ಟರಲ್ಲಿ ಫಿಲ್ಮ್ ಸರಿದು, ಶಟರಿನ ಸ್ಪ್ರಿಂಗ್ ಬಿಗಿದು ನಿಂತಿರುತ್ತದೆ. ಗುಂಡಿ ಒತ್ತಿದರೆ ಎಸಳುಗಳು ನಡುವಿನಿಂದ ಬಿರಿದು ಮತ್ತೆ ಮುಚ್ಚಿಕೊಳ್ಳುತ್ತವೆ. 1/500 ಸೆಕೆಂಡಿನ ಕೆಲಸ ಸ್ಪ್ರಿಂಗಿನ ಬಲದಿಂದಲೇ ಆಗಿಬಿಡುತ್ತದೆ. ಒಂದು ಸೆಕೆಂಡು, ಅರ್ಧ ಸೆಕೆಂಡಿನಂಥ ನಿಧಾನದ ವೇಗಗಳಿಗೆ ಸ್ಪ್ರಿಂಗಿಗೊಂದು ತಡೆ ಬೇಕು. ಅದಕ್ಕೆ ಹಲ್ಲುಚಕ್ರಗಳ ಸಾಲು, ಕೊನೆಯ ಚಕ್ರವನ್ನು ಹಲ್ಲುಹಲ್ಲಿಗೂ ತಡೆದು ಬಿಡುವ ಒಂದು ಪುಟ್ಟ ಕೊಕ್ಕೆ. ಪೀಣ್ಯಕ್ಕೆ ಹೊಂದಿಕೊಂಡ ಜಾಲಹಳ್ಳಿಯಲ್ಲಿ ಎಚ್‌ಎಂಟಿ 1961ರಿಂದ ತಯಾರಿಸಿದ ಕೈಗಡಿಯಾರಗಳ ಹೊಟ್ಟೆಯಲ್ಲಿದ್ದುದೂ ಇದೇ ಜಾತಿಯ ಕೊಕ್ಕೆ. ಒಂದು ಸೆಕೆಂಡಿಗೆ ಇಟ್ಟು ಕಿವಿಗೆ ಹಿಡಿದರೆ ‘ಜರ್ರ್’ ಎಂದು ಸಮವಾದ ಸದ್ದು ಕೇಳಬೇಕು. ಎಣ್ಣೆ ಒಣಗಿ ಅಂಟಾಗಿದ್ದರೆ ಸದ್ದು ನಡುವೆ ಎಳೆಯುತ್ತದೆ ಅಥವಾ ನಿಂತೇಹೋಗುತ್ತದೆ. ಹಳೆ ಕ್ಯಾಮೆರಾ ಕೊಳ್ಳುವವರು ಹೊರಮೈ ಹೊಳಪು ನೋಡಿ ಮರುಳಾಗುವ ಬದಲು ಮೊದಲು ಈ ಸದ್ದು ಕೇಳಲಿ.

ಎಸಳು ಶಟರಿನ ಗುಣ ಗೊತ್ತಾಗುವುದು ಲೇತ್‌ನ ತಿರುಗುವ ಚಕ್ ಮುಂದೆ. ಮೊಬೈಲಿನ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಮೊದಲ ಸಾಲು ಓದುವಾಗ ಇದ್ದ ಚಕ್ ಕೊನೆಯ ಸಾಲಿನ ಹೊತ್ತಿಗೆ ತಿರುಗಿಬಿಟ್ಟಿರುತ್ತದೆ, ಹಾಗಾಗಿ ಅದರ ದವಡೆಗಳು ಬಾಗಿದಂತೆ ಕಾಣುತ್ತವೆ. ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುವುದರಿಂದ ಅಡ್ಡಪಟ್ಟಿಗಳೂ ಮೂಡಬಹುದು. ಎಸಳು ಶಟರ್ ಲೆನ್ಸಿನ ನಡುವೆಯೇ ಇರುವುದರಿಂದ ಸ್ವಲ್ಪವೇ ತೆರೆದಿದ್ದರೂ ಇಡೀ ಫಿಲ್ಮಿಗೆ ಒಟ್ಟಿಗೆ ಬೆಳಕು ಬೀಳುತ್ತದೆ. ನಿಮಿಷಕ್ಕೆ 1,000 ಸುತ್ತು ತಿರುಗುವ 200 ಮಿಲಿಮೀಟರ್ ಚಕ್ 1/500 ಸೆಕೆಂಡಿನಲ್ಲಿ 12 ಡಿಗ್ರಿ ತಿರುಗುತ್ತದೆ, ಅಂದರೆ ಅಂಚು ಸುಮಾರು ಎರಡು ಸೆಂಟಿಮೀಟರ್ ಸರಿಯುತ್ತದೆ. ಚಿತ್ರದಲ್ಲಿ ಅಷ್ಟು ಮಸುಕು ಖಂಡಿತ, ಸೊಟ್ಟು ಮಾತ್ರ ಇರುವುದಿಲ್ಲ.

ಫಿಲ್ಮಿನ ಹೆಸರು 120. ಕೊಡಕ್ ಕಂಪನಿ 1901ರಲ್ಲಿ ತಂದದ್ದು, ಇವತ್ತಿಗೂ ತಯಾರಾಗುತ್ತಿದೆ. ಒಂದು ಸುರುಳಿಗೆ 12 ಚಿತ್ರ, ಒಂದೊಂದೂ 56 ಮಿಲಿಮೀಟರಿನ ಚೌಕ. ಮನೆಯ ಹಳೆ ಆಲ್ಬಮ್ಮಿನಲ್ಲಿ ಬಿಳಿ ಅಂಚಿನ ಚೌಕ ಫೋಟೊಗಳಿದ್ದರೆ ಅವೂ ಬಹುಶಃ ಇದೇ ಫಿಲ್ಮಿನವು. ಅಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾಕ್ಕೂ ಇದನ್ನೇ ಹಾಕುತ್ತಿದ್ದರು. 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟಿಗಿಂತ ಇದರ ವಿಸ್ತೀರ್ಣ ಮೂರೂವರೆ ಪಟ್ಟಿಗೂ ಹೆಚ್ಚು. 30 ಸೆಂಟಿಮೀಟರಿನ ಚೌಕ ಪ್ರಿಂಟ್ ಮಾಡಲು ಇದನ್ನು ಐದೂವರೆ ಪಟ್ಟು ಹಿಗ್ಗಿಸಿದರೆ ಸಾಕು, ಸಣ್ಣ ಫಿಲ್ಮನ್ನು ಹನ್ನೆರಡೂವರೆ ಪಟ್ಟು ಹಿಗ್ಗಿಸಬೇಕು. ಕಾಳು (ಗ್ರೇನ್) ಅಷ್ಟರಮಟ್ಟಿಗೆ ಕಡಿಮೆ ಕಾಣುತ್ತದೆ, ಗ್ರೀಸ್ ಮೆತ್ತಿದ ಬೆರಳಿನ ಗೆರೆಗಳು ಉಳಿಯುತ್ತವೆ. ಊಟಿಯಲ್ಲಿ 1960ರಲ್ಲಿ ಹುಟ್ಟಿದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಕಪ್ಪು-ಬಿಳುಪಿನ ಫಿಲ್ಮ್ ಮಾಡುತ್ತಿತ್ತು. ಅದು ಮುಚ್ಚಿದೆ. ಈಗ ಸಿಗುವುದು ಆಮದಿನ ದುಬಾರಿ ಮಾಲು.

ಫಿಲ್ಮಿನ ಮೇಲಿರುವುದು ಜೆಲಟಿನ್‌ನಲ್ಲಿ ಕದಡಿದ ಬೆಳ್ಳಿ ಲವಣದ ಹರಳುಗಳು. ಬೆಳಕು ತಾಗಿದ ಹರಳಿನಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗಿ, ಒಂದು ಮೂಲೆಯಲ್ಲಿ ಸಿಕ್ಕಿಕೊಂಡು, ಬೆಳ್ಳಿಯ ಅಯಾನುಗಳನ್ನು ಎಳೆದು ಲೋಹದ ಪರಮಾಣುಗಳಾಗಿಸುತ್ತವೆ. 1938ರಲ್ಲಿ ವಿಜ್ಞಾನಿಗಳಾದ ಗರ್ನಿ ಮತ್ತು ಮಾಟ್ ಕೊಟ್ಟ ವಿವರಣೆ ಇದು. ನಾಲ್ಕಾರು ಪರಮಾಣುಗಳು ಒಟ್ಟುಗೂಡಿದರೆ ಸಾಕು. ಸೂಕ್ಷ್ಮದರ್ಶಕಕ್ಕೂ ಕಾಣದ ಆ ಚುಕ್ಕಿ ಹಾಲಿಗೆ ಬಿಟ್ಟ ಹೆಪ್ಪಿನಂತೆ: ಡೆವಲಪರಿನಲ್ಲಿ ಅದ್ದಿದಾಗ ಅಲ್ಲಿಂದ ಶುರುವಾಗಿ ಕೋಟಿಗಟ್ಟಲೆ ಪರಮಾಣುಗಳ ಇಡೀ ಹರಳು ಕಪ್ಪು ಬೆಳ್ಳಿಯಾಗುತ್ತದೆ.

ತಗಡಿನ ಚಾವಣಿ ಉಳಿಯುವುದೂ ಈ ಹರಳುಗಳಿಂದಲೇ. ಸೆನ್ಸರಿನ ಪ್ರತಿ ಬಿಂದು ತುಂಬುವ ತನಕ ಬೆಳಕನ್ನು ಎಣಿಸುತ್ತದೆ, ತುಂಬಿದ ಮೇಲೆ ಎಷ್ಟು ಸುರಿದರೂ ಬರಿಯ ಬಿಳಿ. ಹರಳುಗಳಲ್ಲಿ ದೊಡ್ಡವು, ಸಣ್ಣವು, ಚುರುಕಿನವು, ಮಂದವು ಎಲ್ಲ ಬೆರೆತಿರುತ್ತವೆ. ಚುರುಕಿನವು ಕಪ್ಪಾದ ಮೇಲೂ ಮಂದವು ಬೆಳಕಿಗೆ ಕಾದಿರುತ್ತವೆ. ಆದ್ದರಿಂದ ನೆಗೆಟಿವ್ ಥಟ್ಟನೆ ತುಂಬುವುದಿಲ್ಲ, ನಿಧಾನಕ್ಕೆ ಬಾಗುತ್ತದೆ. ಶೆಡ್ಡಿನೊಳಗಿನ ಮುಖಕ್ಕೆ ಸಾಕಾಗುವಷ್ಟು ಬೆಳಕು ಕೊಟ್ಟು, ಹೊರಗಿನ ಬಿಸಿಲನ್ನು ಫಿಲ್ಮಿನ ತಾಳ್ಮೆಗೆ ಬಿಡಬಹುದು. ನೆರಳಿಗೆ ಬೆಳಕು ಸಾಲದೆ ಬಂದರೆ ಮಾತ್ರ ಯಾವ ಡೆವಲಪರೂ ಕಾಪಾಡದು. ಅಲ್ಲಿ ಮೊಬೈಲೇ ಗೆಲ್ಲುತ್ತದೆ, ರಾತ್ರಿ ಪಾಳಿಯ ಚಿತ್ರ ಬೇಕಾದವರು ಅದನ್ನೇ ಎತ್ತಿಕೊಳ್ಳುವುದು ಮೇಲು.

ಬಣ್ಣದ ವಿಷಯದಲ್ಲಿ ಬೆಳ್ಳಿ ಲವಣ ಹುಟ್ಟಾ ಅರೆಗುರುಡು. ಅದಕ್ಕೆ ನೀಲಿ, ನೇರಳೆ ಕಂಡಾವೇ ಹೊರತು ಕೆಂಪು ಕಾಣದು. ಬಣ್ಣದ ರಾಸಾಯನಿಕ ಬೆರೆಸಿ ಉಳಿದ ಬಣ್ಣಗಳಿಗೂ ಕಣ್ಣು ತೆರೆಸಬಹುದೆಂದು ವಿಜ್ಞಾನಿ ಹರ್ಮನ್ ಫೋಗೆಲ್ 1873ರಲ್ಲಿ ಕಂಡುಕೊಂಡ. ಇಂದಿನ ಸಾಮಾನ್ಯ ಫಿಲ್ಮಿಗೆ ಕೆಂಪೂ ಕಾಣುತ್ತದೆ. (ಸಿನಿಮಾದಲ್ಲಿ ನಾಯಕ ಕೆಂಪು ದೀಪದಡಿ ಫಿಲ್ಮ್ ತೊಳೆದರೆ ನಂಬಬೇಡಿ. ಆ ದೀಪ ಪ್ರಿಂಟ್ ಹಾಕುವ ಕಾಗದಕ್ಕೆ, ಫಿಲ್ಮಿಗೆ ಪೂರಾ ಕತ್ತಲೆಯೇ ಬೇಕು.) ಆದರೂ ರೆಡ್ ಆಕ್ಸೈಡ್ ಬಳಿದ ಗೇಟೂ ಪಕ್ಕದ ಮರದ ಎಲೆಯೂ ಸರಿಸುಮಾರು ಒಂದೇ ಬೂದಾಗಿಬಿಡಬಹುದು. ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿದ್ದ ಎಂ.ವೈ. ಘೋರ್ಪಡೆ ಕಾಡಾನೆಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದು ಹೆಸರಾದವರು. ಹಸಿರೂ ಬೂದು, ಆನೆಯೂ ಬೂದು ಆಗುವಲ್ಲಿ ಎರಡನ್ನು ಬೇರ್ಪಡಿಸುವ ಕೆಲಸ ಬೆಳಕಿನ ದಿಕ್ಕಿಗೆ ಬೀಳುತ್ತದೆ. ಇಲ್ಲವೇ ಫಿಲ್ಟರಿಗೆ. ವೈಟ್‌ಫೀಲ್ಡಿನಲ್ಲಿ ಗುಲಾಬಿ ಟಬೆಬುಯಾ ಹೂಬಿಟ್ಟಾಗ ಹೂವೂ ಆಕಾಶವೂ ಒಂದೇ ತಿಳಿಬೂದಾಗಿ ಕಲಸಿಹೋಗುತ್ತವೆ. ಕೆಂಪು ಫಿಲ್ಟರ್ ಹಾಕಿದರೆ ಆಕಾಶ ಕಪ್ಪಾಗಿ ಹೂವು ಬೆಳ್ಳಗೆ ಸಿಡಿಯುತ್ತದೆ. ಫಿಲ್ಟರ್ ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವುದನ್ನು ನೆನಪಿಡಬೇಕು. ನೋಡುವ ಲೆನ್ಸ್ ಬೇರೆಯಾದ್ದರಿಂದ ಗಾಜಿನಲ್ಲಿ ಅದು ಗೊತ್ತಾಗುವುದಿಲ್ಲ.

ಫಿಲ್ಮ್ ತೊಳೆಯುವುದು ಮನೆಯಲ್ಲೇ ಆಗುತ್ತದೆ. ಪುಸ್ತಕಗಳ ಲೆಕ್ಕ 20 ಡಿಗ್ರಿ ನೀರಿಗೆ, ಏಪ್ರಿಲ್ ತಿಂಗಳ ನಲ್ಲಿ ನೀರು ಅದಕ್ಕಿಂತ ಬೆಚ್ಚಗಿರುತ್ತದೆ. ಐಸ್ ಬಳಸಿ, ಇಲ್ಲವೇ ಸಮಯ ಕಡಿಮೆ ಮಾಡಿ. ಟ್ಯಾಂಕರಿನ ಬೋರ್‌ವೆಲ್ ನೀರಿನ ಸುಣ್ಣ ನೆಗೆಟಿವ್ ಮೇಲೆ ಕಲೆಯಾಗಿ ಒಣಗುತ್ತದೆ, ಕೊನೆಯ ಸಲ ಜಾಲಿಸಲು ಆರ್‌ಒ ನೀರು ಒಳ್ಳೆಯದು. ಬಳಸಿದ ಹೈಪೋ (ಫಿಕ್ಸರ್) ದ್ರಾವಣವನ್ನು ಮಾತ್ರ ಸಿಂಕಿಗೆ ಸುರಿಯಬಾರದು. ಬೆಳಕು ತಾಗದ ಬೆಳ್ಳಿಯೆಲ್ಲ ಅದರಲ್ಲಿ ಕರಗಿರುತ್ತದೆ, ಜಲಚರಗಳಿಗೆ ಅದು ವಿಷ. ಒಂದು ಡಬ್ಬಿಯಲ್ಲಿ ಕೂಡಿಟ್ಟು ಉಕ್ಕಿನ ನಾರು ಹಾಕಿದರೆ ಕಬ್ಬಿಣ ಕರಗುತ್ತದೆ, ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕಿಳಿಯುತ್ತದೆ. ಪಾತ್ರೆ ತಿಕ್ಕುವ ಹೊಳೆಯುವ ಸ್ಟೇನ್‌ಲೆಸ್ ಉಂಡೆ ಇದಕ್ಕೆ ನಡೆಯದು, ತುಕ್ಕು ಹಿಡಿಯುವ ನಾರೇ ಬೇಕು.