ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ಬಾಲಿಯ ಸೈಕಲ್ ಪ್ರವಾಸಕ್ಕೆ ಹೋಗಬಹುದೇ?

ನಿಮ್ಮ ಗೆಳೆಯರ ಗುಂಪು ಬಾಲಿ ಮತ್ತು ಲೊಂಬೊಕ್ ದ್ವೀಪಗಳಲ್ಲಿ ಒಂದು ವಾರ ಸೈಕಲ್ ತುಳಿಯಲು ಹೊರಟಿದೆ. ಜೊತೆಗೆ ಗೈಡ್ ಇರುತ್ತಾರೆ, ಸಾಮಾನು ಹೊರಲು ವ್ಯಾನ್ ಇರುತ್ತದೆ. ನಿಮಗೂ ಹೋಗುವ ಆಸೆ. ಆದರೆ ನಿಮಗೆ ಸಕ್ಕರೆ ಕಾಯಿಲೆ ಇದೆ, ಅಥವಾ ಬಿ.ಪಿ. ಮಾತ್ರೆ ನಡೆಯುತ್ತಿದೆ, ಅಥವಾ ಹಿಂದೊಮ್ಮೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಮನೆಯವರು ‘ಬೇಡವೇ ಬೇಡ’ ಎನ್ನುತ್ತಾರೆ. ಗೆಳೆಯರು ‘ಏನೂ ಆಗಲ್ಲ, ಬಾ’ ಎನ್ನುತ್ತಾರೆ. ಇವೆರಡೂ ಸರಿಯಾದ ಉತ್ತರವಲ್ಲ.

ಕಾಯಿಲೆ ಹತೋಟಿಯಲ್ಲಿರುವ ಅನೇಕರು ಇಂಥ ಪ್ರವಾಸ ಮಾಡಬಹುದು. ಕಾಯಿಲೆಯ ಹೆಸರು, ವಯಸ್ಸು ಇವಷ್ಟೇ ಇದನ್ನು ನಿರ್ಧರಿಸುವುದಿಲ್ಲ. ನಿಮ್ಮ ತಯಾರಿ ಎಷ್ಟಿದೆ, ದಾರಿ ಎಂಥದ್ದು, ಮತ್ತು ನಿಮ್ಮ ಕಾಯಿಲೆಯ ವಿಷಯ ಜೊತೆಗಿರುವವರಿಗೆ ಗೊತ್ತಿದೆಯೇ ಎಂಬುದು ಅದಕ್ಕಿಂತ ಮುಖ್ಯ.

ಈ ದಾರಿ ನಮ್ಮ ಊರಿನ ಸೈಕಲ್ ಸವಾರಿಗಿಂತ ಹೇಗೆ ಬೇರೆ?

ಬಾಲಿ, ಲೊಂಬೊಕ್ ಎರಡೂ ಭೂಮಧ್ಯರೇಖೆಗೆ ಹತ್ತಿರವಿರುವ ಜ್ವಾಲಾಮುಖಿ ದ್ವೀಪಗಳು. ಬಾಲಿಯ ಅಗುಂಗ್ ಪರ್ವತ 3,000 ಮೀಟರ್ ದಾಟುತ್ತದೆ. ಲೊಂಬೊಕ್‌ನ ರಿಂಜಾನಿ 3,726 ಮೀಟರ್. ಸವಾರರು ಈ ಶಿಖರಗಳನ್ನು ಹತ್ತುವುದಿಲ್ಲ, ಆದರೆ ರಸ್ತೆಗಳು ಇವುಗಳ ಇಳಿಜಾರಿನಲ್ಲೇ ಸಾಗುತ್ತವೆ. ಬಹಳ ಜನ ಆರಿಸಿಕೊಳ್ಳುವ ದಾರಿ ಬಾತುರ್ ಜ್ವಾಲಾಮುಖಿಯ ಅಂಚಿನಲ್ಲಿರುವ ಕಿಂತಾಮಣಿಯಿಂದ ಭತ್ತದ ಗದ್ದೆಗಳ ನಡುವೆ ಉಬುದ್ ಕಡೆಗೆ ಇಳಿಯುತ್ತದೆ. ಮೇಲೆ ಬೆಳಿಗ್ಗೆ ತಣ್ಣಗಿರುತ್ತದೆ. ಕೆಳಗೆ ಬರುವಷ್ಟರಲ್ಲಿ ಸೆಕೆ ಮೈಗೆ ಅಂಟುತ್ತದೆ.

ಹಾಗಾಗಿ ‘ದಿನಕ್ಕೆ 35 ಕಿಲೋಮೀಟರ್ ಅಷ್ಟೇ’ ಎಂಬ ಮಾತನ್ನು ನಂಬಿ ಒಪ್ಪಬೇಡಿ. ಎಷ್ಟು ಏರು, ಎಷ್ಟು ಇಳಿಜಾರು, ಎಷ್ಟು ಗಂಟೆ ಬಿಸಿಲಿನಲ್ಲಿ, ಅಲ್ಲಿಂದ ಆಸ್ಪತ್ರೆ ಎಷ್ಟು ದೂರ ಎಂದು ಕೇಳಿ. ಲೊಂಬೊಕ್ ಪಕ್ಕದ ಗಿಲಿ ದ್ವೀಪಗಳಲ್ಲಿ ಮೋಟಾರು ವಾಹನಗಳೇ ಓಡುವುದಿಲ್ಲ. ಅಲ್ಲಿ ಸೈಕಲ್ ತುಳಿಯುವುದು ಹಿತ, ಆದರೆ ದೊಡ್ಡ ಆಸ್ಪತ್ರೆ ಬೇಕಾದರೆ ಮೊದಲು ದೋಣಿ ಹಿಡಿಯಬೇಕು.

ಹಣ ಕಟ್ಟುವ ಮೊದಲು ವೈದ್ಯರನ್ನು ಕಾಣಿ

ಹೊರಡುವುದಕ್ಕೆ ಎರಡು–ಮೂರು ತಿಂಗಳ ಮೊದಲೇ ಭೇಟಿಯಾಗಿ. ‘ಪ್ರವಾಸ ಹೋಗಬಹುದಾ ಡಾಕ್ಟ್ರೇ?’ ಎಂದಷ್ಟೇ ಕೇಳಿದರೆ ಸಾಲದು. ದಿನಕ್ಕೆ ನಾಲ್ಕು–ಐದು ಗಂಟೆ, ಸೆಕೆಯಲ್ಲಿ, ಏರು ದಾರಿಯಲ್ಲಿ, ಸತತ ಆರು ದಿನ ಎಂದು ಬಿಡಿಸಿ ಹೇಳಿ. ಆಪರೇಟರ್ ಕೊಟ್ಟ ದಿನಚರಿಯನ್ನು ತೋರಿಸಿ. ಟ್ರೆಡ್‌ಮಿಲ್ ಪರೀಕ್ಷೆ, ಎಕೋ, ಕಿಡ್ನಿ ಪರೀಕ್ಷೆ, ಕಣ್ಣಿನ ಪರೀಕ್ಷೆ ಬೇಕೇ ಎಂದು ಅವರು ಹೇಳುತ್ತಾರೆ.

ಇಂಥವರು ಪ್ರವಾಸವನ್ನು ಮುಂದಕ್ಕೆ ಹಾಕಬೇಕಾಗಬಹುದು:

- ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಶಸ್ತ್ರಚಿಕಿತ್ಸೆ ಆದವರು
- ಮೆಟ್ಟಿಲು ಹತ್ತುವಾಗ ಎದೆನೋವು, ಏದುಸಿರು ಬರುವವರು
- ಬಿ.ಪಿ. ಅಥವಾ ಸಕ್ಕರೆ ಇನ್ನೂ ಹತೋಟಿಗೆ ಬಾರದವರು
- ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲಕ್ಕೆ ತೀವ್ರ ಹಾನಿಯಾದವರು (ಶ್ರಮದಿಂದ ಕಣ್ಣೊಳಗೆ ರಕ್ತಸ್ರಾವವಾಗಬಹುದು)
- ಪಾದದಲ್ಲಿ ವಾಸಿಯಾಗದ ಹುಣ್ಣು ಇರುವವರು
- ಮೂರ್ಛೆರೋಗ ಹತೋಟಿಯಲ್ಲಿಲ್ಲದವರು

ಬಿಸಿಲಿಗಿಂತ ತೇವವೇ ಕಷ್ಟ

ಬೆವರು ಆರಿದಾಗ ಮೈ ತಂಪಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಸುರಿಯುತ್ತದೆ, ಆರುವುದಿಲ್ಲ. ಮೈಯೊಳಗಿನ ಶಾಖ ಏರುತ್ತಲೇ ಹೋಗುತ್ತದೆ. ಮುಂಬೈ, ಚೆನ್ನೈನಲ್ಲಿ ಇರುವವರಿಗೆ ಇಂಥ ಸೆಕೆ ಹೊಸದಲ್ಲ. ಆದರೆ ಡಿಸೆಂಬರ್ ಚಳಿಯಲ್ಲಿ ದೆಹಲಿಯಿಂದ ಹೊರಟವರ ಮೈ ಅದಕ್ಕೆ ಒಗ್ಗಿರುವುದಿಲ್ಲ. ಸೆಕೆಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಅಷ್ಟು ಸಮಯ ಸಿಗದಿದ್ದರೆ ಮೊದಲ ಎರಡು ದಿನ ಕಡಿಮೆ ತುಳಿಯಿರಿ. ಇನ್ನೊಂದು ವಿಷಯ: ನಮಗೆ ರಜೆ ಸಿಗುವ ಡಿಸೆಂಬರ್–ಜನವರಿ ಬಾಲಿಯಲ್ಲಿ ಮಳೆಗಾಲ. ಆಗ ಇಳಿಜಾರಿನ ರಸ್ತೆಗಳು ಜಾರುತ್ತವೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣ ಹವೆ ಇರುತ್ತದೆ.

ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಯುತ್ತಿರಿ. ಗಂಟೆಗಟ್ಟಲೆ ಬೆವರುತ್ತಾ ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯಬಹುದು. ಓಆರ್‌ಎಸ್ ಪೊಟ್ಟಣಗಳನ್ನು ಇಲ್ಲಿಂದಲೇ ಒಯ್ಯಿರಿ. ಅದರಲ್ಲಿ ಸಕ್ಕರೆಯೂ ಉಪ್ಪೂ ಇರುವುದರಿಂದ ನಿಮಗೆ ಎಷ್ಟು ಎಂದು ಕೇಳಿಕೊಳ್ಳಿ. ದಾರಿಯುದ್ದಕ್ಕೂ ಎಳನೀರು ಸಿಗುತ್ತದೆ. ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಹೃದಯ ಅಥವಾ ಕಿಡ್ನಿ ಕಾಯಿಲೆಗಾಗಿ ನೀರಿಗೆ ಮಿತಿ ಇದ್ದವರು ಸವಾರಿಯ ದಿನಗಳಲ್ಲಿ ಎಷ್ಟು ಕುಡಿಯಬೇಕೆಂದು ಬರೆಸಿಕೊಳ್ಳಿ.

ಸಕ್ಕರೆ ಕಾಯಿಲೆ ಇದ್ದರೆ

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ದಿಢೀರ್ ಇಳಿಯುವ ಅಪಾಯ ಹೆಚ್ಚು. ಬೆವರು, ನಡುಕ, ಗೊಂದಲ ಇವು ಅದರ ಲಕ್ಷಣಗಳು. ಸೆಕೆಯಲ್ಲಿ ಎಲ್ಲರೂ ಬೆವರುತ್ತಿರುವಾಗ ಇದನ್ನು ಗುರುತಿಸುವುದು ಕಷ್ಟ. ಅನುಮಾನ ಬಂದರೆ ಊಹಿಸಬೇಡಿ, ನಿಂತು ಗ್ಲುಕೋಮೀಟರ್‌ನಲ್ಲಿ ನೋಡಿ.

ಸಕ್ಕರೆ 70ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ ಗ್ಲುಕೋಸ್ ಪುಡಿ ತೆಗೆದುಕೊಳ್ಳಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಏರದಿದ್ದರೆ ಅಷ್ಟನ್ನೇ ಮತ್ತೆ ತೆಗೆದುಕೊಳ್ಳಿ. ಚಾಕೊಲೇಟ್ ಸಾಲದು, ಅದರ ಕೊಬ್ಬಿನಿಂದಾಗಿ ಸಕ್ಕರೆ ನಿಧಾನವಾಗಿ ಏರುತ್ತದೆ. ಗ್ಲುಕೋಸ್ ವ್ಯಾನಿನಲ್ಲಿದ್ದರೆ ಪ್ರಯೋಜನವಿಲ್ಲ, ನಿಮ್ಮ ಜೇಬಿನಲ್ಲೇ ಇರಲಿ.

ದಿನವಿಡೀ ತುಳಿದ ಮೇಲೆ ರಾತ್ರಿ ನಿದ್ದೆಯಲ್ಲೂ ಸಕ್ಕರೆ ಇಳಿಯಬಹುದು. ಮಲಗುವ ಮೊದಲು ಪರೀಕ್ಷಿಸಿ. ಸವಾರಿಯ ದಿನಗಳಿಗೆ ಇನ್ಸುಲಿನ್ ಅಥವಾ ಮಾತ್ರೆ ಕಡಿಮೆ ಮಾಡಬೇಕೇ ಎಂದು ಮೊದಲೇ ಕೇಳಿ, ನೀವಾಗಿಯೇ ಬದಲಿಸಬೇಡಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಇದನ್ನು ಖಂಡಿತ ಕೇಳಿ. ಮೈಯಲ್ಲಿ ನೀರು ಕಡಿಮೆಯಾದಾಗ ಈ ಮಾತ್ರೆಗಳಿಂದ ಕೀಟೋನ್ ಹೆಚ್ಚುವ ಅಪಾಯವಿದೆ.

ಸವಾರಿಗೆ ಮುನ್ನ ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡರೆ ಅದು ಬೇಗ ಹೀರಲ್ಪಡಬಹುದು, ಹೊಟ್ಟೆಯ ಭಾಗ ವಾಸಿ. ವಿಮಾನದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಲಿ. ನಿಂತ ವ್ಯಾನಿನ ಬಿಸಿಯಲ್ಲಿ ಇನ್ಸುಲಿನ್, ಪರೀಕ್ಷೆಯ ಸ್ಟ್ರಿಪ್ ಎರಡೂ ಕೆಡುತ್ತವೆ. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಔಷಧಿಯ ಹೊತ್ತನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ. ಊಟದಲ್ಲಿ ಕೆಚಾಪ್ ಮಾನಿಸ್ ಎಂಬ ಸಿಹಿ ಸೋಯಾ ಸಾಸ್ ಹೆಚ್ಚು ಬಳಸುತ್ತಾರೆ. ಅದರಲ್ಲಿ ಸಕ್ಕರೆಯೂ ಉಪ್ಪೂ ಇದೆ. ದಿನವೂ ರಾತ್ರಿ ಪಾದಗಳನ್ನು ನೋಡಿಕೊಳ್ಳಿ. ಸ್ಪರ್ಶ ಕಡಿಮೆಯಾದ ಕಾಲಿಗೆ ಬೊಬ್ಬೆ ಎದ್ದದ್ದೇ ಗೊತ್ತಾಗುವುದಿಲ್ಲ.

ಬಿ.ಪಿ., ಹೃದಯದ ಔಷಧಿ ನಡೆಯುತ್ತಿದ್ದರೆ

ಮೂತ್ರ ಹೆಚ್ಚಿಸುವ ಮಾತ್ರೆಗಳು ಮತ್ತು ಕೆಲವು ಬಿ.ಪಿ. ಮಾತ್ರೆಗಳು ಸೆಕೆಯಲ್ಲಿ ತಲೆಸುತ್ತು ತರಬಹುದು. ವಾಂತಿಭೇದಿ ಆದರೆ ಕಿಡ್ನಿಗೂ ತೊಂದರೆ. ಅಂಥ ದಿನ ಏನು ಮಾಡಬೇಕೆಂದು ಮೊದಲೇ ತಿಳಿದುಕೊಳ್ಳಿ. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ನಾಡಿಬಡಿತವನ್ನು ತಗ್ಗಿಸುತ್ತದೆ. ಹಾಗಾಗಿ ಕೈಗಡಿಯಾರ ತೋರಿಸುವ ನಾಡಿ ನೋಡಿ ‘ಪರವಾಗಿಲ್ಲ’ ಎಂದುಕೊಳ್ಳಬೇಡಿ. ಸಕ್ಕರೆ ಇಳಿದಾಗ ಬರುವ ನಡುಕ, ಎದೆಬಡಿತವನ್ನೂ ಅದು ಮರೆಮಾಡುತ್ತದೆ. ಸುಲಭದ ಅಳತೆ ಮಾತು. ತುಳಿಯುತ್ತಾ ಒಂದು ಪೂರ್ತಿ ವಾಕ್ಯ ಹೇಳಲು ಆಗದಿದ್ದರೆ ನಿಧಾನಿಸಿ. ಏರು ಜಾಸ್ತಿಯಿದ್ದರೆ ಮೋಟಾರ್ ನೆರವಿನ ಇ–ಬೈಕ್ ಕೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಆಸ್ತಮಾ ಇದ್ದರೆ

ಕೆಲವು ಪ್ರವಾಸಗಳು ಪಕ್ಕದ ಪೂರ್ವ ಜಾವಾದ ಇಜೆನ್ ಕುಳಿಯನ್ನೂ ಸೇರಿಸುತ್ತವೆ. ಅಲ್ಲಿ ಗಂಧಕದ ಹೊಗೆ ಏಳುತ್ತಿರುತ್ತದೆ. ಸಲ್ಫರ್ ಡೈಆಕ್ಸೈಡ್ ಸ್ವಲ್ಪವೇ ಇದ್ದರೂ ಆಸ್ತಮಾ ಕೆರಳುತ್ತದೆ. ಎನ್–95 ಮಾಸ್ಕ್ ಬೂದಿಯ ಕಣ ತಡೆಯುತ್ತದೆ, ಅನಿಲವನ್ನು ತಡೆಯುವುದಿಲ್ಲ. ಆಸ್ತಮಾ, ಸಿಓಪಿಡಿ ಇದ್ದವರು ಆ ಒಂದು ದಿನ ಕೆಳಗೇ ಉಳಿಯುವುದು ಜಾಣತನ. ಸವಾರಿಯಲ್ಲಿ ಇನ್‌ಹೇಲರ್ ಯಾವಾಗಲೂ ಜೇಬಿನಲ್ಲಿರಲಿ.

ಇಳಿಜಾರು ಸುಲಭವಲ್ಲ

ಏರಿನಲ್ಲಿ ದಣಿವು, ಇಳಿಜಾರಿನಲ್ಲಿ ಬೀಳುವ ಭಯ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು ಕೈ ಸೋಲುತ್ತದೆ. ಸಂಧಿವಾತ, ಕೈಬೆರಳ ಜೋಮು ಇರುವವರಿಗೆ ಇದು ಇನ್ನೂ ಕಷ್ಟ. ಹೊರಡುವ ಮೊದಲು ಯಾವ ಕೈಯ ಬ್ರೇಕ್ ಮುಂದಿನ ಚಕ್ರದ್ದು ಎಂದು ನಿಂತಲ್ಲೇ ಒತ್ತಿ ನೋಡಿ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು ಹೆಲ್ಮೆಟ್ ಇಲ್ಲದೆ ಒಂದು ಮೀಟರ್ ಕೂಡ ಹೋಗಬಾರದು. ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು, ಒಳಗೆ ರಕ್ತಸ್ರಾವ ನಿಧಾನವಾಗಿ ಆಗಬಹುದು. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತೆಂದು ನೋಡಿಕೊಳ್ಳಿ.

ನಾಯಿ, ಕೋತಿ, ಸೊಳ್ಳೆ

ಬಾಲಿಯಲ್ಲಿ 2008ರಿಂದ ರೇಬಿಸ್ ಇದೆ, ಸೈಕಲ್ ಕಂಡರೆ ನಾಯಿಗಳು ಅಟ್ಟಿಸಿಕೊಂಡು ಬರುವುದೂ ಇದೆ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಹೋಗಿ. ‘ಊರಿಗೆ ಹೋಗಿ ನೋಡೋಣ’ ಎನ್ನಬೇಡಿ. ಹೊರಡುವ ಮೊದಲೇ ಲಸಿಕೆ ಬೇಕೇ ಎಂದು ವೈದ್ಯರನ್ನು ಕೇಳಬಹುದು. ಡೆಂಗಿಯೂ ಇರುವುದರಿಂದ ಜ್ವರ ಬಂದರೆ ಐಬುಪ್ರೊಫೆನ್ ಬೇಡ. ಸ್ಟೆಂಟ್‌ಗಾಗಿ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಫೋನ್ ಮಾಡಿ.

ವಿಮಾನ ನಿಂತರೆ ಮಾತ್ರೆ ಸಾಕಾಗುತ್ತದೆಯೇ?

ಜ್ವಾಲಾಮುಖಿಯ ಬೂದಿ ವಿಮಾನದ ಎಂಜಿನ್‌ಗೆ ಅಪಾಯ. 2017ರ ನವೆಂಬರ್‌ನಲ್ಲಿ ಅಗುಂಗ್ ಸಿಡಿದಾಗ ಬಾಲಿಯ ವಿಮಾನ ನಿಲ್ದಾಣವನ್ನೇ ಮುಚ್ಚಿದ್ದರು. 2024ರ ನವೆಂಬರ್‌ನಲ್ಲಿ ದೂರದ ಫ್ಲೋರೆಸ್ ದ್ವೀಪದ ಲೆವೊಟೊಬಿ ಸಿಡಿದಾಗಲೂ ಬಾಲಿಯ ಅನೇಕ ವಿಮಾನಗಳು ರದ್ದಾದವು. ಬಾಲಿಯ ಶಕ ವರ್ಷದ ಹೊಸ ವರ್ಷ ‘ನ್ಯೆಪಿ’ ಮಾರ್ಚ್ ಆಸುಪಾಸಿನಲ್ಲಿ ಬರುತ್ತದೆ. ಕೆಲವು ವರ್ಷ ನಮ್ಮ ಯುಗಾದಿಯ ದಿನವೇ. ಆ ದಿನ 24 ಗಂಟೆ ವಿಮಾನ ನಿಲ್ದಾಣ, ಅಂಗಡಿ ಎಲ್ಲ ಮುಚ್ಚಿರುತ್ತವೆ, ಯಾರೂ ರಸ್ತೆಗೆ ಇಳಿಯುವಂತಿಲ್ಲ. ತುರ್ತು ಚಿಕಿತ್ಸೆಗೆ ಮಾತ್ರ ವಿನಾಯಿತಿ.

ಆದ್ದರಿಂದ ಪ್ರವಾಸದ ದಿನಗಳಿಗಿಂತ ಕನಿಷ್ಠ ಒಂದು ವಾರ ಹೆಚ್ಚಿನ ಔಷಧಿ ಒಯ್ಯಿರಿ. ಮೂಲ ಪಟ್ಟಿಯಲ್ಲೇ ಇರಲಿ, ಜೊತೆಗೆ ಇಂಗ್ಲಿಷ್‌ನಲ್ಲಿ ಬರೆದ ವೈದ್ಯರ ಚೀಟಿ ಇರಲಿ. ಇಂಡೋನೇಷ್ಯಾದ ಮಾದಕವಸ್ತು ಕಾನೂನು ಬಹಳ ಕಠಿಣ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆ ಒಯ್ಯುವ ಮೊದಲು ಅಲ್ಲಿ ಅನುಮತಿ ಇದೆಯೇ ಎಂದು ವಿಚಾರಿಸಿ. ವಿಮೆ ಮಾಡಿಸುವಾಗ ನಿಮ್ಮ ಕಾಯಿಲೆಯನ್ನು ಮುಚ್ಚಿಡಬೇಡಿ, ಮುಚ್ಚಿಟ್ಟರೆ ಹಣ ಸಿಗದೆ ಹೋಗಬಹುದು. ಸೈಕಲ್ ಸವಾರಿ, ಇನ್ನೊಂದು ಆಸ್ಪತ್ರೆಗೆ ಸಾಗಿಸುವ ಖರ್ಚು ಎರಡೂ ಸೇರಿವೆಯೇ ಎಂದು ಓದಿ ನೋಡಿ.

ಗೈಡ್‌ಗೆ ಹೇಳಿ. ಇದೇ ಎಲ್ಲಕ್ಕಿಂತ ಮುಖ್ಯ

ಗುಂಪಿನಲ್ಲಿ ಹೋದವರು ಮಾಡುವ ದೊಡ್ಡ ತಪ್ಪು ಕಾಯಿಲೆಯನ್ನು ಮುಚ್ಚಿಡುವುದು. ‘ನನ್ನಿಂದ ಎಲ್ಲರಿಗೂ ತಡ’ ಎಂಬ ಸಂಕೋಚದಿಂದ ಎದೆ ಬಿಗಿಯುತ್ತಿದ್ದರೂ ಇನ್ನೊಂದು ತಿರುವು, ಇನ್ನೊಂದು ಏರು ಎಂದು ತುಳಿಯುತ್ತಾರೆ. ವ್ಯಾನ್ ಇರುವುದು ಸಾಮಾನಿಗೆ ಮಾತ್ರವಲ್ಲ, ನಿಮಗೂ ಹೌದು. ಒಂದು ಏರನ್ನು ವ್ಯಾನಿನಲ್ಲಿ ಕುಳಿತು ದಾಟಿದರೆ ಪ್ರವಾಸ ಕೆಡುವುದಿಲ್ಲ.

ಮೊದಲ ದಿನವೇ ಗೈಡ್‌ಗೂ ಒಬ್ಬ ಗೆಳೆಯರಿಗೂ ಹೇಳಿ: ನನಗೆ ಈ ಕಾಯಿಲೆ ಇದೆ, ಮಾತ್ರೆ ಈ ಜೇಬಿನಲ್ಲಿದೆ, ನಾನು ತೊದಲಿದರೆ ಹೀಗೆ ಮಾಡಿ. ಕಾಯಿಲೆ, ಔಷಧಿ, ಅಲರ್ಜಿ, ಮನೆಯ ಫೋನ್ ಸಂಖ್ಯೆ ಬರೆದ ಇಂಗ್ಲಿಷ್ ಕಾರ್ಡ್ ಕೊರಳಲ್ಲಿ ಅಥವಾ ಜೇಬಿನಲ್ಲಿರಲಿ. ಇಂಡೋನೇಷ್ಯಾ ಭಾಷೆಯ ಮೂರು ಮಾತು ಕಲಿತರೆ ಒಳ್ಳೆಯದು. ‘ತೊಲೊಂಗ್’ ಎಂದರೆ ಸಹಾಯ ಮಾಡಿ. ‘ಸಾಕಿತ್ ದಾದಾ’ ಎಂದರೆ ಎದೆನೋವು. ‘ಕೆಂಚಿಂಗ್ ಮಾನಿಸ್’ ಎಂದರೆ ಸಕ್ಕರೆ ಕಾಯಿಲೆ, ಪದಶಃ ‘ಸಿಹಿಮೂತ್ರ’.

ಹೀಗಾದರೆ ತಕ್ಷಣ ಸೈಕಲ್ ನಿಲ್ಲಿಸಿ

- ಎದೆ, ದವಡೆ, ಎಡಗೈಯಲ್ಲಿ ನೋವು ಅಥವಾ ಬಿಗಿತ
- ವಿಶ್ರಾಂತಿಯಲ್ಲೂ ನಿಲ್ಲದ ಏದುಸಿರು
- ಮಾತು ತೊದಲುವುದು, ಮುಖ ಓರೆಯಾಗುವುದು
- ಗೊಂದಲದ ಜೊತೆ ಮೈ ಸುಡುವಂತೆ ಬಿಸಿಯಾಗುವುದು (ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಾ ಆಸ್ಪತ್ರೆಗೆ ಸಾಗಿಸಿ)
- ಮೂತ್ರ ಕೋಲಾ ಬಣ್ಣಕ್ಕೆ ತಿರುಗುವುದು

ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು, ಸಕ್ಕರೆ ಏನನ್ನೂ ಹಾಕಬೇಡಿ. ಮಗ್ಗುಲಾಗಿ ಮಲಗಿಸಿ ಸಹಾಯ ಕರೆಯಿರಿ.

ಮನೆಯಲ್ಲಿ ಉಳಿಯುವವರಿಗೆ

‘ಹೋಗಬೇಡಿ’ ಎಂದು ಜಗಳವಾಡುವ ಬದಲು ವೈದ್ಯರ ಭೇಟಿಗೆ ಜೊತೆಯಲ್ಲಿ ಹೋಗಿ. ಔಷಧಿಯನ್ನು ಎರಡು ಚೀಲಕ್ಕೆ ಹಂಚಿ ಇಡಿ. ಚೀಟಿ, ವಿಮೆ, ಗೈಡ್ ಸಂಖ್ಯೆ ಇವುಗಳ ಪ್ರತಿ ನಿಮ್ಮ ಫೋನಿನಲ್ಲೂ ಇರಲಿ. ದಿನಕ್ಕೊಂದು ಹೊತ್ತು ಗೊತ್ತು ಮಾಡಿ ಮಾತಾಡಿ. ‘ಎಷ್ಟು ದೂರ ತುಳಿದಿರಿ?’ ಎನ್ನುವ ಮೊದಲು ‘ಊಟ ಆಯ್ತಾ, ಸಕ್ಕರೆ ಎಷ್ಟಿತ್ತು?’ ಎಂದು ಕೇಳಿ.

ಹೊರಡುವ ಮುಂಚೆ ಎರಡು ತಿಂಗಳು ನಿಮ್ಮ ಊರಿನಲ್ಲೇ ಅಭ್ಯಾಸ ಮಾಡಿ. ವಾರಕ್ಕೆ ಮೂರು ದಿನದಿಂದ ಶುರುಮಾಡಿ ದೂರವನ್ನು ನಿಧಾನವಾಗಿ ಹೆಚ್ಚಿಸಿ. ಕೊನೆಗೊಮ್ಮೆ ಸತತ ಎರಡು ದಿನ ತುಳಿದು, ಸಕ್ಕರೆ ಮತ್ತು ಬಿ.ಪಿ. ಬರೆದಿಟ್ಟು ವೈದ್ಯರಿಗೆ ತೋರಿಸಿ. ಹೋಗಬಹುದೇ ಎಂಬ ಪ್ರಶ್ನೆಗೆ ಗೆಳೆಯರ ಮಾತಿಗಿಂತ, ಮನೆಯವರ ಭಯಕ್ಕಿಂತ ಆ ಎರಡು ದಿನದ ಲೆಕ್ಕವೇ ಒಳ್ಳೆಯ ಉತ್ತರ ಕೊಡುತ್ತದೆ.